ಸಾವಕಾಶ ಓದುವವನ ಕೈಯಲ್ಲಿ ಬೀಗ

ಪೇಪರ್ ಓದುವವರಲ್ಲಿ ಎರಡು ತರಹ. ಹುಮನಾಬಾದಿನ ಯಾವ ಚಹಾದಂಗಡಿಗಾದರೂ ಬೆಳಿಗ್ಗೆ ಹೋಗಿ ನೋಡಿ. ಒಬ್ಬ ನಿಂತಲ್ಲೇ ತಲೆಬರಹಗಳ ಮೇಲೆ ಕಣ್ಣಾಡಿಸಿ, ತೊಗರಿ ರೇಟು ನೋಡಿ, ಪೇಪರ್ ಮಡಚಿ ಬೆಂಚಿನ ಮೇಲೆ ಒಗೆದು ಸುಸಲಾ ತಿನ್ನಲು ಕೂಡುತ್ತಾನೆ. ಇನ್ನೊಬ್ಬ ಒಂದು ಸಾಲು ಓದುತ್ತಾನೆ, ಒಂದು ಗುಟುಕು ಚಹಾ ಕುಡಿಯುತ್ತಾನೆ, ಆ ಸಾಲಿನ ಮೇಲೆ ಎದುರಿಗೆ ಕೂತವನಿಗೆ ವ್ಯಾಖ್ಯಾನ ಕೊಡುತ್ತಾನೆ, ಅವನು ಒಪ್ಪದಿದ್ದರೆ ಇಂದಿರಾ ಗಾಂಧಿಯವರ ಕಾಲಕ್ಕೆ ಹೋಗಿ ಬರುತ್ತಾನೆ, ಆಮೇಲೆ ಎರಡನೇ ಸಾಲಿಗೆ ಇಳಿಯುತ್ತಾನೆ. ಇವನು ಪಾಪದ ಮನುಷ್ಯ. ಹಾಳೆ ಹರಿಯುವುದಿಲ್ಲ, ಚಹಾ ಚೆಲ್ಲುವುದಿಲ್ಲ, ಹೆಗಲ ಮೇಲಿಂದ ಇಣುಕಿ ಓದುವವರಿಗೆ ಬೇಡ ಎನ್ನುವುದೂ ಇಲ್ಲ. ಆದರೆ ಮೂಲೆಯಲ್ಲಿ ಪೆನ್ನು ಹಿಡಿದು ಕೂತ ಪದಬಂಧದವನ ಮುಖ ನೋಡಿ. ಓದಲು ನಾಲ್ಕು ಜನ ಕೂಡಿ ಒಂದೇ ಹಾಳೆ ಹಿಡಿಯಬಹುದು. ಬರೆಯಬೇಕೆಂದರೆ ಹಾಳೆ ಒಬ್ಬನ ಕೈಗೇ ಬರಬೇಕು. ಹಾಗಾಗಿ ಅಂಗಡಿಯಲ್ಲಿ ಅತಿ ಹೆಚ್ಚು ಹೊತ್ತು ಕಾಯುವವನು ಅವನೇ, ಕಾಯಿಸುವವನು ಯಾರಿಗೂ ಏನೂ ಮಾಡದ ಆ ಸಜ್ಜನ.

ಡೇಟಾಬೇಸ್ ಎಂಬುದರೊಳಗೆ ದಿನಾ ನಡೆಯುವ ಜಗಳ ಇಷ್ಟೇ. ನಾನು ಬಹಳ ಕಾಲ ಡೇಟಾಬೇಸ್ ನೋಡಿಕೊಂಡೇ ಸಂಬಳ ತಿಂದವನು. ಯಂತ್ರ ನಿಂತುಹೋದಾಗ ಎಲ್ಲರೂ ಮೊದಲು ಅನುಮಾನಿಸುವುದು ಬರೆಯುವವರನ್ನು. ಲಕ್ಷಗಟ್ಟಲೆ ದಾಖಲೆ ತಿದ್ದುವ ಪ್ರೋಗ್ರಾಮು ಯಾವುದು, ಅದನ್ನು ಹಿಡಿ, ನಿಲ್ಲಿಸು ಎಂದು ಓಡಾಡುತ್ತಾರೆ. ಹುಡುಕುತ್ತ ಹೋದರೆ ಸಾಲಿನ ಮುಂದೆ ಕೂತಿರುವುದು ಒಬ್ಬ ಓದುಗ. ಒಂದು ವರದಿ, ಒಂದು ಪಟ್ಟಿ, ಒಂದೊಂದೇ ಸಾಲು ತರಿಸಿಕೊಂಡು ಸಾವಕಾಶ ನೋಡುತ್ತಿರುವ ಯಾವುದೋ ಸಾಧು ಪ್ರೋಗ್ರಾಮು.

ಓದುವವನಿಗೆ ಹಂಚಿಕೊಳ್ಳುವ ಬೀಗ, ಬರೆಯುವವನಿಗೆ ಒಬ್ಬನದೇ ಬೀಗ ಎಂಬ ಏರ್ಪಾಡನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವರಲ್ಲಿ ಜಿಮ್ ಗ್ರೇ ದೊಡ್ಡ ಹೆಸರು. ಬೀಗ ಎಷ್ಟು ದೊಡ್ಡದಿರಬೇಕು, ಒಂದು ಸಾಲಿಗೋ ಇಡೀ ಟೇಬಲ್ಲಿಗೋ, ಎಷ್ಟು ಹೊತ್ತು ಹಿಡಿದಿರಬೇಕು ಎಂಬುದನ್ನೆಲ್ಲ 1970ರ ದಶಕದ ನಡುವೆ ಅವರು ಐಬಿಎಂನ ಗೆಳೆಯರ ಜೊತೆ ಕೂತು ಬರೆದಿಟ್ಟರು. 1998ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಬಂತು. 2007ರ ಜನವರಿಯಲ್ಲಿ ತಾಯಿಯ ಅಸ್ಥಿ ಬಿಡಲೆಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಒಬ್ಬರೇ ದೋಣಿಯಲ್ಲಿ ಸಮುದ್ರಕ್ಕೆ ಹೋದವರು ತಿರುಗಿ ಬರಲಿಲ್ಲ. ಉಪಗ್ರಹದ ಚಿತ್ರಗಳನ್ನು ತುಂಡು ತುಂಡು ಮಾಡಿ ಸಾವಿರಾರು ಜನ ಮನೆಯಲ್ಲೇ ಕೂತು ಹುಡುಕಿದರು. ದೋಣಿ ಸಿಗಲೇ ಇಲ್ಲ. ಬೀಗದ ವಿಷಯ ಬಂದಾಗಲೆಲ್ಲ ನನಗೆ ಈ ಮನುಷ್ಯನ ನೆನಪಾಗುತ್ತದೆ. ಇರಲಿ.

ಮೊನ್ನೆ ಇದೆಲ್ಲ ಮಾತಿಗೆ ಬಂದದ್ದು ಬಸವಕಲ್ಯಾಣದ ತಹಸೀಲ್ ಕಚೇರಿಯ ಹೊರಗಿನ ಕಟ್ಟೆಯ ಮೇಲೆ. ನಮ್ಮ ಕಾಕಾ ಪೌತಿ ಖಾತೆಯ ಕೆಲಸಕ್ಕೆ ಬಂದಿದ್ದರು. ಹೊಲ ಇನ್ನೂ ಅಜ್ಜನ ಹೆಸರಿನಲ್ಲೇ ಇತ್ತು. ಈ ಕಡೆ ಇದು ಹೊಸದಲ್ಲ. ಅಜ್ಜ ಹೋಗಿ ಎಷ್ಟೋ ಕಾಲವಾಗಿರುತ್ತದೆ, ಪಹಣಿಯಲ್ಲಿ ಮಾತ್ರ ಕಲ್ಲಿನಂತೆ ಕೂತಿರುತ್ತಾನೆ. ಮಕ್ಕಳು, ಮೊಮ್ಮಕ್ಕಳು ಉಣ್ಣುತ್ತ, ಉಳುತ್ತ, ಜಗಳಾಡುತ್ತ ಇರುತ್ತಾರೆ. ಕಾಗದ ತಿದ್ದಲು ಯಾರಿಗೂ ಪುರಸೊತ್ತಿಲ್ಲ. ಸಕ್ಕರೆ ಕಾರ್ಖಾನೆಗೋ ಬ್ಯಾಂಕಿಗೋ ಪಹಣಿ ಕೊಡಬೇಕಾಗಿ ಬಂದಾಗ ಎಲ್ಲರಿಗೂ ಒಮ್ಮೆಲೇ ಅಜ್ಜನ ನೆನಪು.

ಇದರಲ್ಲಿ ನಮ್ಮ ಊರಿನ ಕೈವಾಡವೂ ಇದೆ ಎನ್ನಬೇಕು. ಹುಟ್ಟಿದ ಕ್ಷಣದಿಂದಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹಕ್ಕು ಎಂಬ ವಾದಕ್ಕೆ ಭಾರತದ ಬಹುಭಾಗದಲ್ಲಿ ಆಧಾರವಾದ ಮಿತಾಕ್ಷರ ಹುಟ್ಟಿದ್ದು ಇದೇ ಬಸವಕಲ್ಯಾಣದಲ್ಲಿ, ಅಂದಿನ ಕಲ್ಯಾಣದಲ್ಲಿ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ಅವನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಅದು. 2005ರ ಕಾನೂನು ತಿದ್ದುಪಡಿ ಹೆಣ್ಣುಮಕ್ಕಳಿಗೂ ಆ ಹಕ್ಕನ್ನು ಕೊಟ್ಟಿತು. ಬಂಗಾಳದವರು ದಾಯಭಾಗವನ್ನು ಹಿಡಿದರು. ಅಲ್ಲಿ ಅಪ್ಪ ಇರುವವರೆಗೆ ಮಗ ತೆಪ್ಪಗಿರಬೇಕು. ನಮ್ಮಲ್ಲಿ ಹಾಗಲ್ಲ. ಒಂದೇ ಸರ್ವೆ ನಂಬರಿನ ಮೇಲೆ ಹತ್ತು ಜನರ ಕೈ. ಎಲ್ಲರೂ ಓದುಗರು, ಒಬ್ಬ ಬರೆಯಲು ಹೊರಟರೆ ಒಂಬತ್ತು ಜನ ಒಪ್ಪಬೇಕು. ವಿಜ್ಞಾನೇಶ್ವರನಿಗೆ ಡೇಟಾಬೇಸ್ ಗೊತ್ತಿಲ್ಲದಿದ್ದರೂ ಬೀಗದ ಕಷ್ಟ ಚೆನ್ನಾಗಿಯೇ ಗೊತ್ತಿತ್ತು.

ಕಾಕಾನ ಜೊತೆ ನನ್ನ ಅಕ್ಕನ ಮಗನೂ ಬಂದಿದ್ದ. ಹೈದರಾಬಾದಿನಲ್ಲಿ ಒಂದು ಕಂಪನಿಯಲ್ಲಿ ಪ್ರೋಗ್ರಾಮ್ ಬರೆಯುವ ಹುಡುಗ. ಮುಖ ಜೋತುಬಿದ್ದಿತ್ತು.

“ಮಾಮಾ, ನಾ ಬರೇ ಓದ್ಲತ್ತೀನಿ. ಒಂದ್ ಸಾಲಿಗೂ ಕೈ ಹಚ್ಚಿಲ್ಲ. ಆದ್ರೂ ನನ್ನಿಂದೇ ಎಲ್ಲಾ ನಿಂತದ ಅಂತ ನನ್ ಮ್ಯಾಲೇ ಬರ್ಲತ್ತಾರ.”

“ಎಷ್ಟ್ ಸಾಲ್ ಓದ್ತಿಯಪಾ?”

“ಲಕ್ಷದ ಮ್ಯಾಲ ಅವ.”

“ಒಂದೊಂದ್ ಸಾಲಿಗಿ ಏನ್ ಮಾಡ್ತಿ?”

“ಏನಿಲ್ಲ, ಒಂದೊಂದ್ ಎಸ್‌ಎಂಎಸ್ ಕಳಿಸ್ತೀನಿ. ಅದು ಹೋತು ಅಂತ ಜವಾಬ್ ಬಂದಮ್ಯಾಲ ಮುಂದಿನ ಸಾಲ್ ತೊಗೊತೀನಿ.”

ಕಾಯಿಲೆ ಅಲ್ಲೇ ಸಿಕ್ಕಿತು. ಅವನಿಗೆ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾವು ಪ್ರೋಗ್ರಾಮಿನಲ್ಲಿ ‘ಇಂಥ ಪಟ್ಟಿ ಕೊಡು’ ಎಂದಾಗ ಸರ್ವರ್ ಇಡೀ ಪಟ್ಟಿಯನ್ನು ಒಮ್ಮೆಲೇ ಸಿದ್ಧಮಾಡಿ ಕೊಡುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಎಷ್ಟೋ ಸಲ ಹಾಗಾಗುವುದಿಲ್ಲ. ಅದು ಟೇಬಲ್ಲಿನಲ್ಲಿ ನಡೆಯುತ್ತ ನಡೆಯುತ್ತ ಸಿಕ್ಕ ಸಾಲುಗಳನ್ನು ಕಳಿಸುತ್ತ ಹೋಗುತ್ತದೆ. ನಡುವೆ ಬಫರ್ ಎಂಬ ಸಣ್ಣ ಜಾಗ ಇರುತ್ತದೆ. ಈ ಕಡೆಯವನು ಬೇಗ ಬೇಗ ತೆಗೆದುಕೊಂಡರೆ ಬಫರ್ ಖಾಲಿಯಾಗುತ್ತ ಹೋಗುತ್ತದೆ, ಸರ್ವರ್ ನಡೆಯುತ್ತ ಹೋಗುತ್ತದೆ. ಈ ಕಡೆಯವನು ಎಸ್‌ಎಂಎಸ್ ಕಳಿಸುತ್ತ ಕೂತರೆ ಬಫರ್ ತುಂಬುತ್ತದೆ. ತುಂಬಿದ ಮೇಲೆ ಸರ್ವರ್ ಇದ್ದಲ್ಲೇ ನಿಲ್ಲುತ್ತದೆ. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಆದರೆ ಹೀಗೆ ನಿಂತದ್ದಕ್ಕೆ ‘ಎಸಿಂಕ್ ನೆಟ್‌ವರ್ಕ್ ಐಒ’ ಎಂಬ ಹೆಸರಿನ ಕಾಯುವಿಕೆ ಎಂದು ತೋರಿಸುತ್ತದೆ. ಹೆಸರು ನೋಡಿದವರು ನೆಟ್‌ವರ್ಕಿನವನಿಗೆ ಫೋನ್ ಹಚ್ಚಿ ಬೈಯುತ್ತಾರೆ. ಅವನ ತಪ್ಪು ಬಹಳ ಸಲ ಏನೂ ಇರುವುದಿಲ್ಲ. ತೆಗೆದುಕೊಳ್ಳುವವನು ತೆಗೆದುಕೊಳ್ಳುತ್ತಿಲ್ಲ, ಅಷ್ಟೇ.

ಈಗ ಬೀಗಕ್ಕೆ ಬನ್ನಿ. ಎಸ್‌ಕ್ಯೂಎಲ್ ಸರ್ವರಿನ ಮಾಮೂಲಿ ಪದ್ಧತಿಯಲ್ಲಿ ಓದುವವನು ಒಂದು ಸಾಲಿಗೆ ಬಂದಾಗ ಅದಕ್ಕೆ ಹಂಚಿಕೊಳ್ಳುವ ಬೀಗ ಹಾಕುತ್ತಾನೆ, ಓದುತ್ತಾನೆ, ಮುಂದಿನ ಸಾಲಿಗೆ ಹೋಗುವಾಗ ಹಿಂದಿನದನ್ನು ಬಿಡುತ್ತಾನೆ. ಒಳ್ಳೆಯ ನಡತೆ. ಒಂದು ಹೊತ್ತಿಗೆ ಒಂದೇ ಸಾಲಿನ ಮೇಲೆ ಕೈ. ಕೆಲವೊಮ್ಮೆ ಸಾಲಿನ ಬದಲು ಒಂದು ಪೇಜಿನ ಮೇಲೆ, ಎಂದರೆ 8 ಕೆಬಿ ಜಾಗದಲ್ಲಿರುವ ಅಷ್ಟೂ ಸಾಲುಗಳ ಮೇಲೆ ಕೈ ಇಡುತ್ತಾನೆ. ನಡೆಯುತ್ತಿದ್ದರೆ ಯಾರಿಗೂ ತೊಂದರೆಯಿಲ್ಲ. ಆದರೆ ನಡುವೆ ನಿಂತುಬಿಟ್ಟರೆ? ಬಫರ್ ತುಂಬಿದ ಆ ಕ್ಷಣಕ್ಕೆ ಯಾವ ಸಾಲಿನ ಮೇಲೆ ಕೈ ಇತ್ತೋ ಆ ಸಾಲಿನ ಬೀಗ ಹಾಗೇ ಉಳಿಯಿತು. ಅದನ್ನು ತಿದ್ದಲು ಬಂದವನು ನಿಂತ. ಅವನು ಬರುವಾಗ ಬೇರೆ ನಾಲ್ಕು ಸಾಲು ತಿದ್ದಿ ಬಂದಿದ್ದರೆ ಆ ನಾಲ್ಕರ ಬೀಗವೂ ಅವನ ಕೈಯಲ್ಲೇ. ಅವುಗಳಿಗಾಗಿ ಬಂದವರೂ ನಿಂತರು. ಹುಡುಗ ಎಸ್‌ಎಂಎಸ್ ಕಳಿಸುತ್ತಿದ್ದಾನೆ.

ಇದರ ಒಂದು ತುಂಟತನ ಹೇಳಲೇಬೇಕು. ಹುಡುಗ ಅಂದ, “ಟೆಸ್ಟ್ ಮಾಡೇ ಕೊಟ್ಟೀನಿ ಮಾಮಾ, ಅವಾಗ ಏನೂ ಆಗಿಲ್ಲ.” ಆಗುವುದೂ ಇಲ್ಲ. ಟೆಸ್ಟಿನ ಟೇಬಲ್ಲಿನಲ್ಲಿ ಇಪ್ಪತ್ತೋ ಮೂವತ್ತೋ ಸಾಲು. ಅವಷ್ಟೂ ಬಫರಿನಲ್ಲೇ ಹಿಡಿಸಿಬಿಡುತ್ತವೆ. ಹುಡುಗ ಮೊದಲ ಸಾಲನ್ನು ಕೈಗೆತ್ತಿಕೊಳ್ಳುವ ಹೊತ್ತಿಗೆ ಸರ್ವರ್ ತನ್ನ ಕೆಲಸ ಮುಗಿಸಿ, ಬೀಗ ಬಿಟ್ಟು, ಕೈ ತೊಳೆದುಕೊಂಡಿರುತ್ತದೆ. ಆಮೇಲೆ ಇವನು ದಿನವಿಡೀ ಎಸ್‌ಎಂಎಸ್ ಕಳಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ. ಅದೇ ಪ್ರೋಗ್ರಾಮು, ಅದೇ ಅಕ್ಷರ. ಸಾಲು ಲಕ್ಷವಾದಾಗ ಮಾತ್ರ ಬೇರೆಯೇ ಪ್ರಾಣಿ.

ಇನ್ನೊಂದು ಇದಕ್ಕಿಂತ ಮಜಾ. ಅದೇ ಪಟ್ಟಿಯನ್ನು ಹೆಸರಿನ ಅನುಕ್ರಮದಲ್ಲಿ ಕೊಡು ಎಂದು ಕೇಳಿದರೆ, ಆ ಅನುಕ್ರಮಕ್ಕೆ ಇಂಡೆಕ್ಸ್, ಎಂದರೆ ಮೊದಲೇ ಜೋಡಿಸಿಟ್ಟ ಸೂಚಿ, ಇಲ್ಲದಿದ್ದರೆ, ಸರ್ವರ್ ಮೊದಲ ಸಾಲು ಕೊಡುವ ಮೊದಲೇ ಎಲ್ಲವನ್ನೂ ಓದಿ ವಿಂಗಡಿಸಬೇಕು. ಕೊನೆಯ ಸಾಲು ‘ಅ’ದಿಂದ ಶುರುವಾಗಿರಬಹುದಲ್ಲ! ಹಾಗಾಗಿ ಓದು ಮುಗಿದು ಸಾಲುಗಳ ಬೀಗ ಹೋದ ಮೇಲೆಯೇ ಮೊದಲ ಸಾಲು ಹೊರಬರುವುದು. ಈಗ ಓದುವವನು ಎಷ್ಟು ಸಾವಕಾಶ ಮಾಡಿದರೂ ಸಾಲು ತಿದ್ದುವವರಿಗೆ ಅಡ್ಡಿಯಿಲ್ಲ. ಆಮೇಲೆ ಯಾರೋ ಜಾಣ ಬಂದು, ಇದು ನಿಧಾನ ಆಗ್ಲತ್ತದ ಅಂತ ಹೆಸರಿನ ಮೇಲೆ ಒಂದು ಇಂಡೆಕ್ಸ್ ಕಟ್ಟುತ್ತಾನೆ. ವಿಂಗಡಣೆ ತಪ್ಪಿತು, ಮೊದಲ ಸಾಲು ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು, ಎಲ್ಲರೂ ಬೆನ್ನು ತಟ್ಟಿದರು. ವಾರ ಕಳೆದು ಯಾರಿಗೋ ಕಾಯುವ ಪಾಳಿ ಬಂತು. ಕೆಲಸ ಚುರುಕು ಮಾಡಿದ್ದರಿಂದಲೇ ದಾರಿ ಕಟ್ಟಿತು ಎಂದರೆ ನಂಬುವವರು ಯಾರು?

ಕಾಕಾ ಕಟ್ಟೆಯ ಮೇಲೆ ಟವೆಲ್ ಹಾಸಿಕೊಂಡು ಇದನ್ನೆಲ್ಲ ಕೇಳುತ್ತಿದ್ದರು. ಅವರಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಹಳೆಯ ಕಾಲದಲ್ಲಿ ಊರಿನ ಅಷ್ಟೂ ಹೊಲದ ಲೆಕ್ಕ ಒಬ್ಬ ಪಟವಾರಿಯ ದಫ್ತರದಲ್ಲಿತ್ತು. ಬೀದರ್ ಆಗ ನಿಜಾಮನ ಹೈದರಾಬಾದ್ ಸಂಸ್ಥಾನದ್ದು. 1948ರ ಪೊಲೀಸ್ ಕಾರ್ಯಾಚರಣೆ ಆಗಿ, 1956ರಲ್ಲಿ ರಾಜ್ಯ ಕೂಡುವವರೆಗೂ ಈ ಕಡೆಯ ಹೊಲಮನೆಯ ಕಾಗದವೆಲ್ಲ ಹೈದರಾಬಾದಿನ ಪದ್ಧತಿಯದೇ. ಪಟವಾರಿ, ಗಿರ್ದಾವರ್, ತಹಸೀಲ್ದಾರ್, 1954–55ರ ಖಾಸ್ರಾ ಪಹಣಿ, ಎಲ್ಲ ಆ ಕಡೆಯಿಂದ ಬಂದ ಆಸ್ತಿ. ಪಟವಾರಿ ದಫ್ತರ ಬಿಚ್ಚಿ ಒಂದು ಪುಟದ ಮೇಲೆ ಬೆರಳಿಟ್ಟು ಮಾತಿಗೆ ನಿಂತನೆಂದರೆ ಉಳಿದ ಊರು ಹೊರಗೆ ನಿಲ್ಲಬೇಕು. ಅವನ ಎದುರು ‘ಬೇಗ ಮಾಡ್ರಿ’ ಎನ್ನುವ ಧೈರ್ಯ ಯಾರಿಗೆ?

ಕರ್ನಾಟಕ ಇದನ್ನು ಬದಲಿಸಲು ಹೊರಟದ್ದು ‘ಭೂಮಿ’ ಯೋಜನೆಯಲ್ಲಿ. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿ ಹರಡಿಕೊಂಡಿದ್ದ ಪಹಣಿಗಳನ್ನು, ಎಂದರೆ 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳನ್ನು, ಕಂಪ್ಯೂಟರಿಗೆ ತುಂಬಿ, 2001–02ರ ಹೊತ್ತಿಗೆ ಆಗಿನ 177 ತಾಲ್ಲೂಕುಗಳಲ್ಲಿ ಕಿಂಡಿ ತೆರೆದರು. ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿ ಮುಂದೆ ನಿಂತು ಮಾಡಿಸಿದರು, ಎನ್‌ಐಸಿಯವರು ಪ್ರೋಗ್ರಾಮ್ ಬರೆದರು. ಪಹಣಿಯ ಪ್ರತಿಗೆ ಆರಂಭದಲ್ಲಿ 15 ರೂಪಾಯಿ. ಬೀದರ್ ಜಿಲ್ಲೆಯಲ್ಲಿ ಆಗ ಐದೇ ತಾಲ್ಲೂಕು, ಅವುಗಳಲ್ಲಿ ಬಸವಕಲ್ಯಾಣ ಒಂದು, ಹುಮನಾಬಾದ್ ಒಂದು. ಈಗ ಬಸವಕಲ್ಯಾಣದ ಹೊಟ್ಟೆಯಿಂದ ಹುಲಸೂರು, ಹುಮನಾಬಾದಿನ ಹೊಟ್ಟೆಯಿಂದ ಚಿಟಗುಪ್ಪಾ ಹೊರಬಿದ್ದಿವೆ.

‘ಭೂಮಿ’ಯಲ್ಲಿ ನನಗೆ ಮೆಚ್ಚಿಗೆಯಾದ ಎರಡು ಸಂಗತಿ. ಒಂದು, ಮ್ಯುಟೇಶನ್, ಎಂದರೆ ಖಾತೆ ಬದಲಾವಣೆಯ ಅರ್ಜಿಗಳಿಗೆ ಮೊದಲು ಬಂದವನಿಗೆ ಮೊದಲು ಎಂಬ ನಿಯಮವನ್ನು ಪ್ರೋಗ್ರಾಮಿನೊಳಗೇ ಹಾಕಿದ್ದು. ನಡುವೆ ಯಾರನ್ನೂ ತೂರಿಸುವಂತಿಲ್ಲ. ಎರಡು, ಕಿಂಡಿಯಲ್ಲಿ ರೈತನ ಕಡೆ ಮುಖ ಮಾಡಿದ ಇನ್ನೊಂದು ಪರದೆ. ಒಳಗಿನವನು ಏನು ಮಾಡುತ್ತಿದ್ದಾನೆಂದು ಹೊರಗಿನವನಿಗೂ ಕಾಣಬೇಕೆಂದು ಇಟ್ಟದ್ದು. ಒಳ್ಳೆಯ ವಿಚಾರ, ಆದರೆ ಪ್ರೋಗ್ರಾಮ್ ಬರೆಯುವವನಿಗೆ ಅಲ್ಲೊಂದು ಕುಣಿಕೆ ಇದೆ. ರೈತ ಪರದೆಯ ಮೇಲೆ ತನ್ನ ಹೆಸರು ನೋಡುತ್ತಾನೆ. ಕನ್ನಡಕ ಹುಡುಕುತ್ತಾನೆ. ಮಗನನ್ನು ಕರೆಯುತ್ತಾನೆ. ಹಿಸ್ಸಾ ನಂಬರ್ ಸರಿಯೋ ಎಂದು ಕೇಳುತ್ತಾನೆ. ಅವನ ಹೊಲ, ಅವನು ನೋಡಲೇಬೇಕು. ಇಂಥ ಕಿಂಡಿಗೆ ಪ್ರೋಗ್ರಾಮ್ ಬರೆಯುವವನು ಪರದೆಯ ಮೇಲೆ ಸಾಲು ಇರುವಷ್ಟು ಹೊತ್ತೂ ಡೇಟಾಬೇಸಿನಲ್ಲಿ ಕರ್ಸರ್, ಎಂದರೆ ಒಂದೊಂದೇ ಸಾಲು ತೆಗೆದುಕೊಳ್ಳುವ ಕೈ, ತೆರೆದಿಟ್ಟರೆ, ಆ ರೈತನ ಕನ್ನಡಕಕ್ಕೂ ಪಕ್ಕದ ಕಿಂಡಿಯ ಮ್ಯುಟೇಶನ್ನಿಗೂ ಗಂಟು ಬೀಳುತ್ತದೆ. ಮನುಷ್ಯನ ಹೊತ್ತು ಯಂತ್ರದ ಬೀಗದೊಳಗೆ ಸೇರಬಾರದು. ಬೇಕಾದ ಸಾಲು ತಂದುಕೊಂಡು ಬೀಗ ಬಿಟ್ಟು, ಆಮೇಲೆ ಪರದೆಗೆ ಹಾಕಬೇಕು. ನನ್ನ ವೃತ್ತಿಯಲ್ಲಿ ನಾನು ಹಟ ಹಿಡಿದ ವಿಷಯ ಇದೊಂದೇ ಎಂದರೂ ನಡೆದೀತು.

ಹುಡುಗ ಬಿಡಲಿಲ್ಲ. “ಒಂದ್ ಸಾಲಿನ ಬೀಗಕ್ಕ ಇಷ್ಟ್ ಯಾಕ ರಾದ್ಧಾಂತ ಮಾಮಾ?”

ಒಂದೇ ಸಾಲಾದರೆ ಅಷ್ಟು ರಾದ್ಧಾಂತ ಬೇಕಿರಲಿಲ್ಲ. ಆದರೆ ಸಾಲಿನ ಬೀಗದ ಜೊತೆ ಟೇಬಲ್ಲಿನ ಮೇಲೂ ‘ಒಳಗೆ ಯಾರೋ ಓದುತ್ತಿದ್ದಾರೆ’ ಎಂಬ ಹಗುರ ಬೀಗ ಬೀಳುತ್ತದೆ. ಅದು ಸಾಲಿನಿಂದ ಸಾಲಿಗೆ ಹೋಗುವಾಗ ಬಿಡುವುದಿಲ್ಲ, ಓದು ಮುಗಿಯುವವರೆಗೂ ಇರುತ್ತದೆ. ಮಾಮೂಲಿ ಓದು ಬರಹಕ್ಕೆ ಅದರಿಂದ ಅಡ್ಡಿಯಿಲ್ಲ. ಆ ಹೊತ್ತಿಗೇ ಯಾರೋ ಟೇಬಲ್ಲಿಗೆ ಒಂದು ಹೊಸ ಕಾಲಂ ಸೇರಿಸಲು ಬಂದರೋ, ಅವರಿಗೆ ಇಡೀ ಟೇಬಲ್ ಬೇಕು. ಅವರು ಕಾಯಲು ನಿಂತರು. ಪಾಳಿಯ ನಿಯಮದ ಪ್ರಕಾರ ಅವರ ಹಿಂದೆ ಬಂದ ಸಾದಾ ಓದುಗರೂ ಅವರ ಹಿಂದೆಯೇ ನಿಲ್ಲಬೇಕು. ಈಗ ನೋಡಿ: ಮುಂದೆ ಒಬ್ಬ ಸಾವಕಾಶದ ಓದುಗ, ನಡುವೆ ಒಬ್ಬ ಕಾಲಂ ಸೇರಿಸುವವ, ಹಿಂದೆ ಇಡೀ ಕಂಪನಿ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸಿನಲ್ಲಿ ಇದು ಇನ್ನೂ ಬಿಗಿ. ಅಲ್ಲಿ ಟೇಬಲ್ಲಿನ ಈ ಬೀಗ ಓದು ಮುಗಿದರೂ ಬಿಡುವುದಿಲ್ಲ, ಟ್ರಾನ್ಸಾಕ್ಷನ್, ಎಂದರೆ ಒಂದೇ ಗಂಟಾಗಿ ಹಿಡಿದ ಇಡೀ ಕೆಲಸ, ಮುಗಿಯಬೇಕು.

ಇನ್ನು ‘ಓದುತ್ತೇನೆ, ಓದಿದ್ದನ್ನು ಆಮೇಲೆ ತಿದ್ದುತ್ತೇನೆ, ಯಾರೂ ಮುಟ್ಟಬೇಡಿ’ ಎಂದು ಮೊದಲೇ ಹೇಳಿ ಓದುವ ಪದ್ಧತಿ ಉಂಟು. ‘ಫಾರ್ ಅಪ್‌ಡೇಟ್’ ಎನ್ನುತ್ತಾರೆ. ಇದರಲ್ಲಿ ಎರಡು ಡೇಟಾಬೇಸ್ ಮನೆತನಗಳ ನಡಾವಳಿಯೇ ಬೇರೆ. ಆರಕಲ್‌ನಲ್ಲಿ ಇಂಥ ಕರ್ಸರ್ ತೆರೆದ ಕೂಡಲೇ, ಒಂದು ಸಾಲೂ ಕೈಗೆ ಬರುವ ಮೊದಲೇ, ಪಟ್ಟಿಯ ಅಷ್ಟೂ ಸಾಲಿಗೆ ಬೀಗ ಬೀಳುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಕರ್ಸರಿನಿಂದ ತೆಗೆದುಕೊಂಡ ಹಾಗೆ ಒಂದೊಂದೇ ಸಾಲಿಗೆ ಬೀಗ ಬೀಳುತ್ತ ಹೋಗುತ್ತದೆ. ಎರಡರಲ್ಲೂ ಟ್ರಾನ್ಸಾಕ್ಷನ್ ಮುಗಿಯುವವರೆಗೆ ಬಿಡುಗಡೆಯಿಲ್ಲ. ಒಂದರಲ್ಲಿ ಅಭ್ಯಾಸವಾದ ಕೈ ಇನ್ನೊಂದಕ್ಕೆ ಹೋದಾಗ ಎಡವುವುದು ಇಲ್ಲೇ. ಹತ್ತೇ ಸಾಲು ತೆಗೆದುಕೊಂಡಿದ್ದೇನೆ, ಹತ್ತಕ್ಕೇ ಬೀಗ ಎಂದು ಆರಕಲ್ ಮೇಲೆ ಕೂತು ತಿಳಿದವನು ಹತ್ತು ಸಾವಿರವನ್ನು ಬಗಲಲ್ಲಿ ಹೊತ್ತುಕೊಂಡು ಕೂತಿರುತ್ತಾನೆ.

ಸಾಲು ಸಾಲಾಗಿ ನಡೆಯುವುದರ ಇನ್ನೊಂದು ಫಜೀತಿಗೆ ಬೀಗದಿಂದಲೂ ಪರಿಹಾರವಿಲ್ಲ. 1976ರ ಹ್ಯಾಲೋವೀನ್ ಹಬ್ಬದ ದಿನ ಐಬಿಎಂನಲ್ಲಿ ಡಾನ್ ಚೇಂಬರ್ಲಿನ್, ಪ್ಯಾಟ್ ಸೆಲಿಂಜರ್, ಮಾರ್ಟನ್ ಆಸ್ಟ್ರಹಾನ್ ಇದನ್ನು ಕಂಡರೆಂದು ಹೇಳುತ್ತಾರೆ. 25,000 ಡಾಲರಿಗಿಂತ ಕಡಿಮೆ ಸಂಬಳದವರಿಗೆಲ್ಲ ನೂರಕ್ಕೆ ಹತ್ತರಂತೆ ಹೆಚ್ಚಿಸು ಎಂಬುದು ಆಜ್ಞೆ. ಯಂತ್ರ ಸಂಬಳದ ಇಂಡೆಕ್ಸ್ ಹಿಡಿದು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಸಾಲು ತಿದ್ದುತ್ತ ಹೊರಟಿತು. ಒಬ್ಬನಿಗೆ ಹೆಚ್ಚಿಸಿದರೆ ಅವನು ಇಂಡೆಕ್ಸಿನಲ್ಲಿ ಮುಂದಕ್ಕೆ ಹೋಗಿ ಕೂಡುತ್ತಾನೆ. ಯಂತ್ರ ನಡೆದು ಅಲ್ಲಿಗೆ ಬಂದಾಗ ಮತ್ತೆ ಅವನೇ ಎದುರಾಗುತ್ತಾನೆ, ಇನ್ನೂ 25,000 ಮುಟ್ಟಿಲ್ಲ, ಮತ್ತೆ ಹೆಚ್ಚಳ. ಹೀಗೆ ಯಾರೂ 25,000ಕ್ಕಿಂತ ಕೆಳಗೆ ಉಳಿಯಲಿಲ್ಲ. ಬೀಗ ಏಕೆ ತಡೆಯಲಿಲ್ಲ ಎಂದರೆ ತನ್ನ ಬೀಗ ತನಗೇ ಅಡ್ಡ ಬರುವುದಿಲ್ಲ. ಮೊದಲು ಯಾರ‍್ಯಾರೆಂದು ಪೂರ್ತಿ ಪಟ್ಟಿ ಮಾಡಿಕೊಂಡು ಆಮೇಲೆ ತಿದ್ದುವುದು ಪರಿಹಾರ. ಕಾಕಾ ಈ ಕಥೆಗೆ ಮಾತ್ರ ಬಾಯ್ತುಂಬ ನಕ್ಕು, “ಅಂಥಾ ಕಂಪ್ಯೂಟರ್ ನಮ್ಮ ಪಗಾರ ಕೊಡೋರ ಬಲ್ಲಿ ಯಾಕ ಇಲ್ಲ?” ಎಂದರು.

ಓದುವವನೂ ಬರೆಯುವವನೂ ಒಬ್ಬರನ್ನೊಬ್ಬರು ತಡೆಯದ ಹಾಗೆ ಮಾಡಬಾರದೇ? ಮಾಡಿದ್ದಾರೆ. ತಿದ್ದುವಾಗ ಹಳೆಯ ಪ್ರತಿಯನ್ನೂ ಇಟ್ಟುಕೊಂಡು, ಮೊದಲೇ ಓದಲು ಕೂತವನಿಗೆ ಹಳೆಯದನ್ನು ತೋರಿಸುವುದು. ಆರಕಲ್ 1984ರಷ್ಟು ಹಿಂದೆಯೇ ಈ ದಾರಿ ಹಿಡಿಯಿತು, ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಇದನ್ನೇ ಮಾಡುತ್ತವೆ, ಎಸ್‌ಕ್ಯೂಎಲ್ ಸರ್ವರಿಗೂ 2005ರಲ್ಲಿ ಈ ಸೌಲಭ್ಯ ಬಂತು. ಬಂತೆಂದು ಸಾವಕಾಶ ಓದುವವನು ಪುಕ್ಕಟೆ ಪಾರಾಗಲಿಲ್ಲ. ಅವನು ಕೂತಿರುವವರೆಗೂ ಹಳೆಯ ಪ್ರತಿಗಳನ್ನು ಎಸೆಯುವಂತಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಕಸ ತೆಗೆಯುವ ಕೆಲಸ ನಿಂತು ಟೇಬಲ್ ಉಬ್ಬುತ್ತದೆ. ಆರಕಲ್ ಸ್ವಲ್ಪ ಹೊತ್ತು ನೋಡಿ ಹಳೆಯದನ್ನು ಎಸೆದೇಬಿಡುತ್ತದೆ. ಆಮೇಲೆ ಓದುಗ ಮುಂದಿನ ಸಾಲು ಕೇಳಿದರೆ 01555 ನಂಬರಿನ ಪ್ರಸಿದ್ಧ ಬೈಗುಳ ಬರುತ್ತದೆ, ನಿನ್ನ ಚಿತ್ರ ಬಹಳ ಹಳೆಯದಾಯಿತು ಎಂದು. ರಾತ್ರಿಯಿಡೀ ನಡೆದ ವರದಿ ಬೆಳಗಿನ ಜಾವ ಇದೊಂದು ಸಾಲು ಬರೆದು ಸತ್ತಿರುವುದನ್ನು ಕಂಡವರಿಗೇ ಅದರ ಸುಖ ಗೊತ್ತು.

ಸಾವಕಾಶದ ಮಾತು ಬಂದಾಗ ಜಲಸಂಗಿಯ ಮದನಿಕೆಯನ್ನು ಬಿಡುವಂತಿಲ್ಲ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗುಡಿಯಿದೆ. ಅದರ ಹೊರಗೋಡೆಯ ಮೇಲೆ ಬೆನ್ನು ಬಾಗಿಸಿ ನಿಂತು ಶಾಸನ ಬರೆಯುತ್ತಿರುವ ಹೆಣ್ಣು. ಬರೆಯುತ್ತಿರುವುದು ವಿಕ್ರಮಾದಿತ್ಯನ ಹೊಗಳಿಕೆ. ಒಂಬೈನೂರು ವರ್ಷವಾಯಿತು, ಕೈ ಇನ್ನೂ ಅಕ್ಷರದ ಮೇಲೇ ಇದೆ. ಇಷ್ಟು ದೀರ್ಘ ಟ್ರಾನ್ಸಾಕ್ಷನ್ ನಾನು ಯಾವ ಸರ್ವರಿನಲ್ಲೂ ಕಂಡಿಲ್ಲ. ಅವಳ ಬೀಗಕ್ಕೆ ಯಾರೂ ದೂರು ಕೊಟ್ಟಿಲ್ಲ, ಯಾಕೆಂದರೆ ಅದನ್ನು ತಿದ್ದಲು ಯಾರಿಗೂ ಮನಸ್ಸಾಗಿಲ್ಲ. ಬೀದರ್ ಕಡೆ ಬಂದವರು ಕೋಟೆ, ಗುರುದ್ವಾರ ನೋಡಿ ಹಿಂದಕ್ಕೆ ಹೋಗುತ್ತಾರೆ. ಇವಳನ್ನು ನೋಡದೆ ಹೋದವರ ಬಗ್ಗೆ ನನಗೆ ಕನಿಕರವಿದೆ.

ದೊಡ್ಡ ಸರ್ವರುಗಳ ಮಾತು ಹೋಗಲಿ, ಕಾಕಾನ ಜೇಬಿನ ಮೊಬೈಲಿನೊಳಗೂ ಈ ಕಥೆಯಿದೆ. ರಿಚರ್ಡ್ ಹಿಪ್ 2000ದಲ್ಲಿ ಹೊರತಂದ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಇವತ್ತು ಫೋನು ಫೋನಿನಲ್ಲೂ ಇದೆ. ಅದು ಒಂದು ಹೆಜ್ಜೆಗೆ ಒಂದು ಸಾಲು ಕೊಡುತ್ತದೆ. ಹಳೆಯ ಪದ್ಧತಿಯಲ್ಲಿ ಕೊನೆಯ ಸಾಲಿನವರೆಗೆ ಹೋಗುವ ತನಕ, ಅಥವಾ ‘ನನಗೆ ಸಾಕು’ ಎಂದು ಹೇಳುವ ತನಕ, ಓದುಗನ ಬೀಗ ಇಡೀ ಫೈಲಿನ ಮೇಲೆ. ಹತ್ತು ಸಾಲು ನೋಡಿ ‘ಸಾಕು’ ಎನ್ನಲು ಮರೆತ ಪ್ರೋಗ್ರಾಮು ಬರೆಯುವವನ ಕೆಲಸ ಪೂರ್ತಿಯಾಗಲು ಬಿಡುವುದಿಲ್ಲ. ಆದರೆ ಅದರಲ್ಲೊಂದು ಸೊಗಸಾದ ನ್ಯಾಯವಿದೆ. ಬರೆಯುವವನು ಬಾಗಿಲಿಗೆ ಬಂದು ನಿಂತ ಮೇಲೆ ಒಳಗಿದ್ದ ಓದುಗರು ಮುಗಿಸಿ ಹೊರಡಬಹುದು, ಹೊಸ ಓದುಗರಿಗೆ ಪ್ರವೇಶವಿಲ್ಲ. ಇಲ್ಲದಿದ್ದರೆ ಓದುಗರು ಒಬ್ಬರ ಹಿಂದೆ ಒಬ್ಬರು ಬರುತ್ತ ಪಾಪದವನು ಜನ್ಮವಿಡೀ ಹೊರಗೇ. 2010ರಲ್ಲಿ ಅದಕ್ಕೂ ಬೇರೆ ಪದ್ಧತಿ ಬಂದು ಓದುವವರೂ ಬರೆಯುವವನೂ ಜೊತೆಗಿರುವಂತಾಯಿತು.

“ಇಷ್ಟೆಲ್ಲಾ ಯಾಕ ಮಾಮಾ, ನೋಲಾಕ್ ಹಾಕಿಬಿಡ್ತೀನಿ” ಎಂದ ಹುಡುಗ. ನನಗೆ ಬೇಕಾಗಿದ್ದೂ ಇದೇ ಮಾತು. ನೋಲಾಕ್ ಎಂದರೆ ಎಸ್‌ಕ್ಯೂಎಲ್ ಸರ್ವರಿನಲ್ಲಿ ಸಾಲಿನ ಬೀಗ ಕೇಳದೆ, ಬೇರೆಯವರ ಬೀಗಕ್ಕೂ ಬೆಲೆ ಕೊಡದೆ ಓದುವ ಅಡ್ಡದಾರಿ. ಎಲ್ಲ ಕಾಯಿಲೆಗೂ ಇದೇ ಗುಳಿಗೆ ಎಂದು ಪ್ರತಿ ಕ್ವೆರಿಗೂ ಬರೆದವರನ್ನು ನಾನು ಬಲ್ಲೆ. ಕಾಕಾನ ಹೊಲವನ್ನೇ ತೆಗೆದುಕೊಳ್ಳಿ. ಅಜ್ಜನ ಒಂದು ಸಾಲು ತೆಗೆದು ಅಣ್ಣತಮ್ಮಂದಿರ ಮೂರು ಸಾಲು ಹಾಕಬೇಕು. ಅಜ್ಜನದು ತೆಗೆದು ಮೂರು ಸಾಲು ಹಾಕುವ ಮಧ್ಯದಲ್ಲಿ ನೋಲಾಕಿನವನು ಬಂದು ಓದಿದರೆ ಹೊಲ ಯಾರದೂ ಅಲ್ಲ. ಮೂರು ಮೊದಲು ಹಾಕಿ ಅಜ್ಜನದನ್ನು ಆಮೇಲೆ ತೆಗೆಯುವುದಾದರೆ ಅಷ್ಟೇ ಹೊಲ ಎರಡು ಪಟ್ಟು. ತಿದ್ದುವವನು ಕೊನೆಗೆ ಮನಸ್ಸು ಬದಲಿಸಿ ಎಲ್ಲ ರದ್ದು ಮಾಡಿದರೂ ಇವನ ವರದಿಯಲ್ಲಿ ಆಗದ ವಾಟ್ನಿ (ಪಾಲು) ಆಗಿಹೋಗಿರುತ್ತದೆ.

“ಹಂಗಾರ ಅಂಥಾ ಪಹಣಿ ಮ್ಯಾಲ ಬ್ಯಾಂಕಿನೋರು ಸಾಲ ಡಬಲ್ ಕೊಡ್ತಾರೇನು?” ಕಾಕಾನ ಪ್ರಶ್ನೆ.

ಕೊನೆಗೆ ಹುಡುಗನಿಗೆ ಹೇಳಿದ್ದು ಇಷ್ಟು: ಮೊದಲು ಪಟ್ಟಿಯನ್ನು ಒಂದೇ ಬೀಸಿಗೆ ಓದಿ ಪಕ್ಕದ ಟೇಬಲ್ಲಿಗೋ ನಿನ್ನ ಮೆಮೊರಿಗೋ ಹಾಕಿಕೊ. ಲಕ್ಷ ಸಾಲು ಹಿಡಿಸದಿದ್ದರೆ ಸಾವಿರ ಸಾವಿರವಾಗಿ ತೊಗೊ, ಪ್ರತಿ ಸಾವಿರಕ್ಕೂ ಓದು ಮುಗಿಸಿ ಬೀಗ ಬಿಟ್ಟು ಬಾ, ಎಲ್ಲಿಗೆ ಬಂದಿದ್ದೆ ಎಂಬ ನಂಬರ್ ಬರೆದಿಟ್ಟುಕೊ. ಆಮೇಲೆ ಎಸ್‌ಎಂಎಸ್ ಕಳಿಸುತ್ತಿರು, ಊಟಕ್ಕೆ ಹೋಗು, ಯಾರೂ ಕೇಳುವುದಿಲ್ಲ. ಅವನು ಒಪ್ಪಿದ, ಆದರೆ ಹುಡುಗ ಚುರುಕು, ಕೂಡಲೇ ತಕರಾರು ತೆಗೆದ.

“ನಾ ಪಟ್ಟಿ ತೊಗೊಂಡ್ ಮ್ಯಾಲ, ಎಸ್‌ಎಂಎಸ್ ಹೋಗೋದರಾಗ ಯಾರಾರ ಫೋನ್ ನಂಬರ್ ಬದಲಿ ಮಾಡಿದ್ರ?”

“ಹಳೇ ನಂಬರಿಗಿ ಹೋಗ್ತದ. ಬೀಗ ಬಿಟ್ಟಿದ್ದಕ್ಕ ಅದೊಂದ್ ದಂಡ ಕಟ್ಟಬೇಕು. ಭಾಳ ಆಯ್ತಂದ್ರ ಕಳಿಸೋ ಮುಂದ ಆ ಒಂದ್ ಸಾಲ್ ಮತ್ತೊಮ್ಮಿ ನೋಡು.”

ಒಳಗಿನಿಂದ ಕಾಕಾನ ಹೆಸರು ಕೂಗಿದರು. ಟವೆಲ್ ಕೊಡವಿ ಎದ್ದು ನಿಂತು ಅವರು, “ನಂದು ಮೊದಲಿಂದ್ಲೂ ಹಳೇ ನಂಬರಿಗೇ ಹೋಗ್ಲತ್ತಾವ ತಮ್ಮಾ,” ಎಂದರು. “ಆ ಸಿಮ್ ನಮ್ಮ ಹುಡುಗನ ಬಲ್ಲಿ ಅದ, ಪುಣೇದಾಗ. ಮಳಿ ಬರೋ ಸುದ್ದಿ, ಬೀಜದ ಸುದ್ದಿ, ಬ್ಯಾಂಕಿನ ಸುದ್ದಿ, ಎಲ್ಲಾ ಅವನಿಗೇ ಗೊತ್ತು.”